ಕಿವಿಯ ವಿದ್ಯಾರ್ಥಿ

ಟೀಚರಮ್ಮನ ಮನೆಪಾಠಕ್ಕೆ ಯಾರೇ ಬರಲಿ, ಮೊದಲ ದಿನ ಪಾಠವಿಲ್ಲ, ಬರೀ ತಪಾಸಣೆ. ಒಂದು ಚಿತ್ರ ತೋರಿಸುತ್ತಾಳೆ, ಒಂದು ಪುಟ ಓದಿ ಹೇಳುತ್ತಾಳೆ, ಒಂದಿಷ್ಟು ಮರದ ತುಂಡು ಕೊಟ್ಟು ಜೋಡಿಸಿ ಅನ್ನುತ್ತಾಳೆ. ಆಮೇಲೆ ತೀರ್ಪು: ಇವರು ಕಣ್ಣಿನ ವಿದ್ಯಾರ್ಥಿ, ಇವರು ಕಿವಿಯ ವಿದ್ಯಾರ್ಥಿ, ಇವರು ಕೈಯ ವಿದ್ಯಾರ್ಥಿ. ಆ ತೀರ್ಪು ಸುಳ್ಳಾದದ್ದನ್ನು ಯಾರೂ ಕಂಡಿಲ್ಲ. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ.

ಲಿಫ್ಟ್ ಮೆಕ್ಯಾನಿಕ್ ಬಂದದ್ದು ಸೂಪರ್‌ವೈಸರ್ ಪರೀಕ್ಷೆಗೆ ತಯಾರಾಗಲು. ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದ. ಈ ಸಲವೂ ಹೋದರೆ ಕಂಪನಿಯವರು ಮತ್ತೆ ಕೂರಿಸುವುದಿಲ್ಲ. ಉದ್ದನೆಯ ಆಳು, ಕುರ್ಚಿಯ ತುದಿಯಲ್ಲಿ ಕೂತಿದ್ದ. ಚಿತ್ರ ತೋರಿಸಿದರೆ ಚಿತ್ರ ಬಿಟ್ಟು ಅದನ್ನು ಹಿಡಿದವಳನ್ನು ನೋಡಿದ. ಮರದ ತುಂಡು ಕೊಟ್ಟರೆ, ಮೆಕ್ಯಾನಿಕ್ ಅನ್ನಿಸಿಕೊಂಡವನು, ಎಲ್ಲವನ್ನೂ ಕೆಳಗೆ ಬೀಳಿಸಿದ. ಆದರೆ ಅವಳು ಓದಿದ ಪುಟವನ್ನು ಮಾತ್ರ ಒಂದಕ್ಷರ ಬಿಡದೆ ಒಪ್ಪಿಸಿದ.

"ನೀವು ಕಿವಿಯಲ್ಲಿ ಕಲಿಯೋರು," ಅಂದಳು ಟೀಚರಮ್ಮ. "ಇಷ್ಟು ದಿನ ಪುಸ್ತಕ ಹಿಡ್ಕೊಂಡು ಒದ್ದಾಡಿದೀರಿ, ಪಾಪ."

"ನೀವು ಹೇಳಿದ್ಮೇಲೆ ಆಯ್ತು ಮಿಸ್," ಅಂದ ಅವನು, ನೆಲ ನೋಡುತ್ತ.

ಅಂದಿನಿಂದ ಪಾಠಗಳನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸತೊಡಗಿದಳು. ಅವನು ಕೆಲಸದ ನಡುವೆ ಕೇಳಿ, ಸಂಜೆ ಬಂದು ಒಪ್ಪಿಸುತ್ತಿದ್ದ.

"ಸವೆದ ಹಗ್ಗಾನ ತಕ್ಷಣ ಬದಲಿಸಬೇಕು. ಗ್ರೀಸ್ ಹಚ್ಚಿ ದಿನ ತಳ್ಳಬಾರದು. ಅಕ್ಕಾ, ಹಾಲು ಉಕ್ತಿದೆ ನೋಡು."

"ಹಾಲು ಯಾಕೆ ಬಂತು ಮಧ್ಯದಲ್ಲಿ?"

"ರೆಕಾರ್ಡಿಂಗಲ್ಲಿ ನೀವೇ ಹೇಳಿದ್ರಲ್ಲ ಮಿಸ್, ಹಗ್ಗ ಆದ್ಮೇಲೆ."

ಟೀಚರಮ್ಮ ನಗು ತಡೆಯಲು ಕೆನ್ನೆ ಕಚ್ಚಿಕೊಂಡಳು. ತಲೆ ಎತ್ತಿದರೆ ಅವನು ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದು ಗಡಿಬಿಡಿಯಿಂದ ಫ್ಯಾನಿನ ಕಡೆ ತಿರುಗಿದ. ಆ ರಾತ್ರಿ ರೆಕಾರ್ಡ್ ಮಾಡುವ ಮುನ್ನ ಅವಳು ಕೂದಲು ಬಾಚಿಕೊಂಡಳು. ಫೋನಿಗೆ ಕೂದಲು ಕಾಣುತ್ತದೆಯೇ? ಹುಚ್ಚು, ಇನ್ನೇನು.

ಪರೀಕ್ಷೆ ಹತ್ತಿರ ಬಂದಾಗಲೇ ಅವಳ ಗಂಟಲು ಕೈಕೊಟ್ಟಿತು. ಮಾತಾಡಿದರೆ ಬರೀ ಗಾಳಿ. ಉಳಿದದ್ದು ಒಂದೇ ಪಾಠ, ಸೇಫ್ಟಿ ಬ್ರೇಕಿನದು. ಅದಿಲ್ಲದೆ ಪಾಸಾಗುವ ಮಾತೇ ಇಲ್ಲ. ಕೊನೆಗೆ ಅಕ್ಕನ ಕೈಕಾಲು ಹಿಡಿದು ಅದನ್ನು ಓದಿಸಿದಳು. ಅಕ್ಕ ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್. ಗಂಟೆ ಬಾರಿಸಿದಂಥ ದನಿ.

ಪರೀಕ್ಷೆಯ ಹಿಂದಿನ ಸಂಜೆ ಮೆಕ್ಯಾನಿಕ್ ಬಂದು ಕೂತ. ಕೇಳಿದ್ದಕ್ಕೆಲ್ಲ ತಲೆ ಕೆರೆದುಕೊಂಡ. ಒಂದು ವಾಕ್ಯವೂ ನೆನಪಿಲ್ಲ.

"ಕೇಳಿದ್ರಾ ಇಲ್ವಾ?" ಅಂತ ಪಿಸುಗುಟ್ಟಿದಳು.

"ದಿನಾ ಕೇಳಿದೆ ಮಿಸ್. ತಲೆಗೇ ಹೋಗ್ತಿಲ್ಲ."

ಬಾಗಿಲಲ್ಲಿ ನಿಂತಿದ್ದ ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ನನ್ನ ದನಿ ಕೇಳಿದ್ರೆ ನಿದ್ದೆಯಲ್ಲಿದ್ದೋರೂ ಎದ್ದು ಗಾಡಿ ಹತ್ತುತ್ತಾರೆ. ಇವರಿಗೆ ತಲೆಗೆ ಹೋಗಲ್ಲ ಅಂದ್ರೆ, ಇವರು ಕಿವಿಯ ವಿದ್ಯಾರ್ಥಿ ಅಲ್ಲವೇ ಅಲ್ಲ ಕಣೆ. ನಿನ್ನ ವಿದ್ಯಾರ್ಥಿ." ಅಷ್ಟು ಹೇಳಿ ಒಳಗೆ ಹೋಗಿಬಿಟ್ಟಳು.

ಟೀಚರಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಒಳಗೊಳಗೇ ಖುಷಿ, ಅದರ ಜೊತೆಗೇ ಭಯ. ತೀರ್ಪು ತಪ್ಪಿದೆ, ಬೆಳಗಾದರೆ ಪರೀಕ್ಷೆ, ತನ್ನಿಂದಲೇ ಇವನು ಸೋಲುತ್ತಾನೆ.

"ಆವತ್ತು ಮರದ ತುಂಡು ಯಾಕೆ ಬೀಳಿಸಿದ್ರಿ?"

"ನೀವು ಪಕ್ಕದಲ್ಲೇ ಕೂತಿದ್ರಿ," ಅಂದ. "ಕೈ ನಡುಗ್ತು."

ಅವಳು ಎದ್ದು ತನ್ನ ಕುರ್ಚಿಯನ್ನು ಅವನಿಗೆ ಬಿಟ್ಟಳು. "ನನಗೆ ದನಿ ಇಲ್ಲ. ಬ್ರೇಕಿನ ಪಾಠ ನೀವು ನನಗೆ ಹೇಳಿಕೊಡಿ."

ಅವನು ಕೂರಲಿಲ್ಲ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದ, ಸ್ಟೂಲನ್ನೇ ಲಿಫ್ಟಾಗಿಸಿದ, ಎರಡು ಕುರ್ಚಿಗಳನ್ನು ಹಳಿಯಾಗಿಸಿದ. ವೇಗ ಹೆಚ್ಚಿದರೆ ಏನಾಗುತ್ತದೆ, ಬ್ರೇಕು ಹಳಿಯನ್ನು ಎಲ್ಲಿ ಕಚ್ಚುತ್ತದೆ, ಒಂದೊಂದನ್ನೂ ಮಾಡಿ ತೋರಿಸಿದ. ತಪ್ಪಿಲ್ಲ, ತಡವರಿಕೆಯಿಲ್ಲ. ವರ್ಷಗಟ್ಟಲೆ ಅದನ್ನೇ ಮಾಡಿದ ಕೈಗಳು. ಯಾರೂ ಆ ಕೈಗಳನ್ನು ಕೇಳಿರಲಿಲ್ಲ ಅಷ್ಟೇ. ಅವಳು ನೆಲದ ಮೇಲೆ ಗಲ್ಲಕ್ಕೆ ಕೈಯೂರಿ ಕೇಳುತ್ತ ಕೂತಳು, ಅವನನ್ನು ಮನಸಾರೆ ನೋಡಿದಳು.

"ನಾಳೆ ಪ್ರಶ್ನೆ ಓದಿ ಕೈ ಆಡಿಸಿ ನೋಡಿ, ಆಮೇಲೆ ಬರೀರಿ," ಎಂದು ಕಳಿಸಿಕೊಟ್ಟಳು.

ಅವನು ಪಾಸಾದ. ಫಲಿತಾಂಶದ ದಿನ ಅವಳ ಬಾಗಿಲಿಗೆ ಬಂದಾಗ ಒಗೆದ ಶರ್ಟು ಹಾಕಿದ್ದ, ಮುಖ ಮಾತ್ರ ಸಪ್ಪಗಿತ್ತು. ಅವಳ ದನಿ ಅಷ್ಟರಲ್ಲಿ ಮರಳಿತ್ತು.

"ನೀವು ಪಾಸಾಗ್ತೀರಿ ಅಂತ ನನಗೆ ಆವತ್ತು ಬ್ರೇಕು ತೋರಿಸಿದಾಗ್ಲೇ ಗೊತ್ತಾಯ್ತು," ಅಂದಳು. "ಖುಷಿನೇ ಆಗ್ಲಿಲ್ಲ. ಇನ್ಮೇಲೆ ಇವರು ಬರಲ್ಲ ಅನ್ನಿಸ್ತು. ಟೀಚರಾಗಿ ಹಿಂಗೆ ಯೋಚಿಸಬಾರದು, ನನಗೂ ಗೊತ್ತು."

"ನನಗೂ ಫೇಲಾಗೋಣ ಅನ್ನಿಸಿತ್ತು," ಅಂದ ಅವನು. "ಪೇಪರ್ ಮಡಚಿಟ್ಟು ಸುಮ್ಮನೆ ಕೂತಿದ್ದೆ. ಆಮೇಲೆ, ನಿಮ್ಮ ಹೆಸರು ಕೆಡಿಸಿ ಯಾವ ಮುಖ ಇಟ್ಕೊಂಡು ಇಲ್ಲಿಗೆ ಬರಲಿ ಅಂತ ಎಲ್ಲಾನೂ ಬರೆದೆ."

ಇಬ್ಬರೂ ಹೊಸ್ತಿಲ ಆಚೆಗೊಬ್ಬರು, ಈಚೆಗೊಬ್ಬರು ನಿಂತಿದ್ದರು.

"ಹೇಳಿಕೊಡೋಕೆ ಇನ್ನೇನೂ ಉಳಿದಿಲ್ಲ," ಅಂದಳು ಮೆಲ್ಲಗೆ.

"ಪಾಠ ಸಾಕು ಮಿಸ್. ನೀವು ಬೇರೆ ಏನಾದ್ರೂ ಮಾತಾಡಿ, ನಾನು ಕೇಳ್ತೀನಿ. ನಾಳೆ ಸಂಜೆ ನದಿ ಕಡೆ ಹೋಗೋಣ್ವಾ?"

"ಮೊದಲು ಮಿಸ್ ಅನ್ನೋದು ಬಿಡಿ," ಅಂದಳು ಅವಳು. "ಮತ್ತೆ ನಾಳೆ ಯಾಕೆ? ಇರಿ, ಚಪ್ಪಲಿ ಹಾಕ್ಕೊಂಡು ಬರ್ತೀನಿ."