ನಲವತ್ತೊಂಬತ್ತನೆಯ ದಿನದ ದೀಪ

ಕತ್ತಲಾಗುವುದರೊಳಗೆ ಬೆಟ್ಟದ ತುದಿಯಲ್ಲಿ ಒಂದು ತುಪ್ಪದ ದೀಪ ಹಚ್ಚಬೇಕು. ಬಿರ್ಮಾನ್ ತಾಮಾಂಗನಿಗೆ ಅಂದು ಇದ್ದದ್ದು ಅದೊಂದೇ ಕೆಲಸ. ನೇಪಾಳದ ಹಳ್ಳಿಯಲ್ಲಿ ಅಮ್ಮ ತೀರಿಕೊಂಡು ಇವತ್ತಿಗೆ ನಲವತ್ತೊಂಬತ್ತು ದಿನ. ಅಲೆಯುವ ಜೀವ ಇವತ್ತು ಹೊಸ ಹುಟ್ಟಿಗೆ ಹೊರಡುತ್ತದೆ, ಬೆಳಕು ತೋರಿಸಬೇಕಾದವನು ಮಗ. ಆ ಮಗ ಕೊರಿಯಾದ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿದ್ದ. ಊರಿಗೆ ಹೋಗಲು ರಜೆ ಕೇಳಿದಾಗ ಮಾಲೀಕರು, ಆ ದಿನ ಹೇಗೂ ಭಾನುವಾರ ಇದೆಯಲ್ಲ ಅಂದಿದ್ದರು.

ಜೊತೆಗೆ ಬಂದವನು ದೋಕ್ಸು, ಅದೇ ಕಾರ್ಖಾನೆಯ ಹಳೆಯ ಕೆಲಸಗಾರ, ಅರವತ್ತು ದಾಟಿದವನು. ಹೆಂಡತಿ ಹೋದಾಗ ಅವನೂ ಬೌದ್ಧ ಗುಡಿಯಲ್ಲಿ ನಲವತ್ತೊಂಬತ್ತನೆಯ ದಿನ ಮಾಡಿಸಿದ್ದ. ಹಾಗಾಗಿ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಕೆಂಪು ಜಾಕೀಟು, ಕೈಗವಸು, ಎರಡು ಕೋಲು, ಯುದ್ಧಕ್ಕೆ ಹೊರಟವನ ಹಾಗೆ ಸಜ್ಜಾಗಿ ಬಂದಿದ್ದ.

"ಈ ಕಾರ್ಖಾನೆ ಬೂಟಲ್ಲಿ ಬೆಟ್ಟ ಹತ್ತುತೀಯೋ, ಪೆಟ್ಟಿಗೆ ಹೊರೋಕೆ ಬಂದಿದೀಯೋ?"

"ನಮ್ಮೂರಲ್ಲಿ ಇದನ್ನ ಬೆಟ್ಟ ಅನ್ನಲ್ಲ ಅಣ್ಣ. ಕೊಟ್ಟಿಗೆ ಹಿಂದಿನ ದಿಬ್ಬ ಅಂತಾರೆ."

ಮೇಪಲ್ ಮರಗಳು ಕೆಂಪಾಗಿ ನಿಂತಿದ್ದವು. ಕಾಲಡಿ ಓಕ್ ಎಲೆಗಳು ಮೊಣಕಾಲುದ್ದ ಬಿದ್ದು, ದಾರಿ ಯಾವುದು, ಕಾಡು ಯಾವುದು ತಿಳಿಯುತ್ತಿರಲಿಲ್ಲ. ಕೆಳಗಿನ ಕಣಿವೆಯಲ್ಲಿ ಕೊಯ್ದ ಗದ್ದೆಗಳು, ಅವುಗಳ ನಡುವೆ ಕಾರ್ಖಾನೆಯ ನೀಲಿ ಸೂರು. ಇಷ್ಟು ಚೆಂದದ ದಿನ ಅಮ್ಮ ಇಲ್ಲವಲ್ಲ ಎಂದು ಬಿರ್ಮಾನನಿಗೆ ಬಣ್ಣಗಳ ಮೇಲೇ ಸಿಟ್ಟು ಬಂತು. ಬಂಡೆಯ ಮೇಲೆ ಕೂತು ದೋಕ್ಸು ಬಿಚ್ಚಿ ಕೊಟ್ಟ ಕಿಂಬಾಪ್ ಎಂಬ ಅನ್ನದ ಸುರುಳಿಯನ್ನು ಅವನು ಒಂದು ತುತ್ತು ಕಚ್ಚಿ ಬದಿಗಿಟ್ಟ.

ಮಧ್ಯಾಹ್ನ ದಾಟುತ್ತಲೇ ಮಂಜು ಕವಿಯಿತು. ಬಿರ್ಮಾನ್ ಅವಸರದಲ್ಲಿ ಮುಂದೆ ಹೋದ. ದಾರಿ ಕವಲೊಡೆದಲ್ಲಿ ಫಲಕ ಕಾಣಲಿಲ್ಲ, ಎಡಕ್ಕೆ ಮೂರು ನಾಲ್ಕು ಸಣ್ಣ ಕಲ್ಲುಗುಪ್ಪೆ ಕಂಡವು. ಚಿಕ್ಕಂದಿನಲ್ಲಿ ಊರಲ್ಲಿ ಹುಲ್ಲಿನ ಹೊರೆ ಹೊತ್ತು ಕಣಿವೆ ದಾಟುವಾಗ ಅಮ್ಮ ಹೇಳಿಕೊಟ್ಟಿದ್ದಳು: "ಕಲ್ಲಿನ ಮೇಲೆ ಕಲ್ಲು ಇದ್ರೆ, ಮುಂದೆ ಯಾರೋ ಹೋಗಿದಾರೆ ಅಂತ ಮಗಾ. ಹೆದರ್ಬೇಡ." ಅವನು ಗುಪ್ಪೆಯಿಂದ ಗುಪ್ಪೆಗೆ ಇಳಿಜಾರಿನಲ್ಲಿ ನಡೆದ. ಹಿಂದಿನಿಂದ ದೋಕ್ಸು, ಆ ದಾರಿಯಲ್ಲ ಎಂದು ಕೂಗುತ್ತ ಬರುತ್ತಿದ್ದ.

ಬಿರ್ಮಾನ್ ತಿರುಗಿ ನೋಡಿದ.

ದೋಕ್ಸುವಿನ ಕಾಲಡಿ ಎಲೆಗಳು ಜಾರಿದವು. ಕೋಲು ಹಾರಿತು. ಕೆಂಪು ಜಾಕೀಟು ಉರುಳುತ್ತ ಅವನನ್ನು ದಾಟಿ ಕೊರಕಲಿಗೆ ಇಳಿಯಿತು.

ಬಿರ್ಮಾನ್ ಬೇರು ಹಿಡಿದು ಕೆಳಗೆ ಧುಮುಕಿದ. ದೋಕ್ಸುವಿನ ಪಾದ ಎರಡು ಬಂಡೆಗಳ ನಡುವೆ ತಿರುಚಿಕೊಂಡಿತ್ತು, ಬಿಡಿಸಿದರೂ ಊರಲಾಗಲಿಲ್ಲ. ಅವನ ಫೋನು ಒಡೆದಿತ್ತು, ಬಿರ್ಮಾನನದಕ್ಕೆ ಸಿಗ್ನಲ್ ಇರಲಿಲ್ಲ.

"ಕಲ್ಲು ನೋಡ್ಕೊಂಡು ಬಂದೆ ಅಣ್ಣ, ದಾರಿ ಗುರುತು ಅಂತ."

ದೋಕ್ಸು ಬೈಯಲಿಲ್ಲ. "ಅದು ದಾರಿಗಲ್ಲ ಕಣೋ. ಇಲ್ಲಿ ಜನ ಹರಕೆಗೆ ಇಡ್ತಾರೆ. ಒಂದೊಂದು ಕಲ್ಲು ಒಬ್ಬೊಬ್ಬರ ಸಂಕಟ."

ಮಂಜು ಸರಿಯಿತು. ಶಿಖರ ಎದುರಿಗೇ ಇತ್ತು, ಅರ್ಧ ಗಂಟೆಯ ದಾರಿ. ಹೊತ್ತು ಇಳಿದಿತ್ತು. ನೀನು ಹೋಗಿ ದೀಪ ಹಚ್ಚಿ ಬಾ, ನಾನೇನು ಓಡಿಹೋಗ್ತೀನಾ ಎಂದ ದೋಕ್ಸು. ಹೇಳುವಾಗಲೇ ಅವನ ಹಲ್ಲು ಕಟಕಟಿಸುತ್ತಿತ್ತು.

ಬಿರ್ಮಾನ್ ತುದಿಯನ್ನು ನೋಡಿದ. ಹೋಗಿ ಬರುವಷ್ಟರಲ್ಲಿ ಕತ್ತಲು, ಹಿಂದೆಯೇ ಹಿಮದಂಥ ಚಳಿ. ಊರಲ್ಲಿ ಅಮ್ಮ ಹೊಟ್ಟೆನೋವೆಂದು ಮಲಗಿದಾಗ ರಸ್ತೆಯವರೆಗೆ ಹೊರುವ ಗಂಡಸರೇ ಇರಲಿಲ್ಲ. ಎಲ್ಲರೂ ಅವನ ಹಾಗೆ ಪರದೇಶದಲ್ಲಿದ್ದರು. ಪಕ್ಕದ ಹಳ್ಳಿಯಿಂದ ನಾಲ್ಕು ಜನ ಬರುವವರೆಗೆ ಅವಳು ಒಂದೂವರೆ ದಿನ ಕಾದಳು.

ಅವನು ಚೀಲದ ಪಟ್ಟಿಗಳನ್ನು ಕಿತ್ತು, ಒಂದೇ ಉದ್ದನೆಯ ಕುಣಿಕೆಯಾಗುವಂತೆ ಬಿಗಿಯಾಗಿ ಗಂಟು ಹಾಕಿದ. ಕುತ್ತಿಗೆಯ ವಸ್ತ್ರವನ್ನು ಮಡಚಿ ಹಣೆಗಿಟ್ಟು, ಅದರ ಮೇಲೆ ಕುಣಿಕೆ ಹಾಕಿಕೊಂಡ. ಊರಲ್ಲಿ ಅಕ್ಕಿ ಮೂಟೆ, ರೋಗಿ, ಎಲ್ಲವನ್ನೂ ಹೀಗೇ ಹಣೆಪಟ್ಟಿಯಲ್ಲಿ ಹೊರುತ್ತಾರೆ.

"ಬೆನ್ನಿಗೆ ಬನ್ನಿ ಅಣ್ಣ."

"ಅಮ್ಮನ ದೀಪ?"

"ಬನ್ನಿ ಅಂದ್ನಲ್ಲ."

ಕೊರಕಲಿನಿಂದ ಕವಲಿಗೆ ತೆವಳಿದ. ಕವಲಿನಿಂದ ಕೆಳಕ್ಕೆ ಹೆಜ್ಜೆ ಹೆಜ್ಜೆ. ಎರಡು ಸಲ ಮಂಡಿಯೂರಿ ಬಿದ್ದ, ಎರಡು ಸಲವೂ ಮೈಯನ್ನು ಮುಂದಕ್ಕೇ ಚೆಲ್ಲಿದ, ಬೆನ್ನ ಮೇಲಿನವನಿಗೆ ಪೆಟ್ಟಾಗದಿರಲಿ ಎಂದು. ಎಡಕ್ಕೆ, ಬಲಕ್ಕೆ ಎಂದು ದೋಕ್ಸು ಕಿವಿಯ ಬಳಿ ಹೇಳುತ್ತ ಬಂದ.

ಬುಡ ತಲುಪಿದಾಗ ಮುಸ್ಸಂಜೆ. ಕಾವಲು ಚೌಕಿಯವರು ಓಡಿಬಂದು ದೋಕ್ಸುವನ್ನು ಬೆಂಚಿನ ಮೇಲೆ ಮಲಗಿಸಿ ಆಂಬುಲೆನ್ಸಿಗೆ ಫೋನ್ ಮಾಡಿದರು. ಬೆಂಚಿಗೆ ತಾಗಿದ ಬೇಲಿಯ ಪಕ್ಕ ಇನ್ನೊಂದು ಕಲ್ಲುಗುಪ್ಪೆ ಇತ್ತು. ಬಿರ್ಮಾನ್ ಜೇಬಿನಿಂದ ದೀಪ ತೆಗೆದು ಅದರ ಮರೆಯಲ್ಲಿ ಇಟ್ಟ. ಮೂರನೆಯ ಕಡ್ಡಿಗೆ ಬತ್ತಿ ಹತ್ತಿತು.

"ತುಂಬಾ ಭಾರ ಆದ್ನಾ?" ದೋಕ್ಸು ಕೇಳಿದ.

"ಎಪ್ಪತ್ತೈದು ಕಿಲೋ ಇದೀರ ಅಣ್ಣ." ಬಿರ್ಮಾನ್ ದೀಪಕ್ಕೆ ಅಂಗೈ ಅಡ್ಡ ಹಿಡಿದ. "ಅಮ್ಮ ಮೂವತ್ತೆಂಟು ಕಿಲೋ ಇದ್ಲಂತೆ. ನಾನಿದ್ದಿದ್ರೆ ಓಡ್ಕೊಂಡೇ ಇಳಿಸ್ತಿದ್ದೆ."

ನಲವತ್ತೊಂಬತ್ತು ದಿನಗಳಲ್ಲಿ ಮೊದಲ ಸಲ ಅವನು ಅತ್ತ, ಅಪರಿಚಿತರ ಎದುರಿಗೇ, ನಾಚಿಕೆ ಬಿಟ್ಟು. ದೋಕ್ಸು ಕೈಚಾಚಿ ಒಂದು ಕಲ್ಲು ಕೇಳಿ ತೆಗೆದುಕೊಂಡ, ನೋವು ನುಂಗಿ ವಾಲಿ, ಅದನ್ನು ಗುಪ್ಪೆಯ ಮೇಲಿಟ್ಟ. ಆಂಬುಲೆನ್ಸ್ ಬರುವವರೆಗೂ ದೀಪ ಉರಿಯಿತು.