ಗುದ್ದಲಿಯ ದರ ಇಳಿದ ವಾರ

ಗುದ್ದಲಿಯ ದರ ಇಳಿದ ಸುದ್ದಿ ನನಗೆ ಸಿಕ್ಕಿದ್ದು ಮಲಾಡ್‌ನ ಆಫೀಸಿನಲ್ಲಿ, ಟಿಫಿನ್ ಡಬ್ಬಿ ಬಿಚ್ಚುವಾಗ. ಪಕ್ಕದ ಟೇಬಲ್ಲಿನ ಹಿತೇಶ್ ಮೊಬೈಲ್ ತೋರಿಸಿ, "ನಮಿತಾ, ಅಬ್ ಮಜಾ ಆಯೇಗಾ! ನೀಲೇ ಪತ್ಥರ್ ಕೀ ಛುಟ್ಟಿ!" ಎಂದ. ಗುದ್ದಲಿಗೆ ಇನ್ನು ನೀಲಿ ಹರಳು ಬೇಕಿಲ್ಲವಂತೆ. ಮಜಾ ಅಂತೆ, ಮಜಾ! ಡಬ್ಬಿಯ ಮುಚ್ಚಳದಿಂದ ಅವನ ತಲೆಗೆ ಕುಕ್ಕುವಷ್ಟು ಸಿಟ್ಟು ಬಂತು.

ಇದು ವಿಡಿಯೋ ಗೇಮಿನ ಗುದ್ದಲಿ. ನೆಲ ಅಗೆದು, ಮನೆ ಕಟ್ಟಿ, ಮನಸ್ಸಿಗೆ ಬಂದಂತೆ ಇರಬಹುದಾದ ಆಟ. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಅಂಧೇರಿಯ ಡಬ್ಬಿಂಗ್ ಸ್ಟುಡಿಯೋ ಒಂದರಲ್ಲಿ ಕೆಲಸ ಮಾಡುವ ಯಲ್ಲಾಲಿಂಗ ಅದಕ್ಕೊಂದು ಮಾಡ್ ಬರೆದಿದ್ದ. ಅಂದರೆ ಆಟದ ನಿಯಮಗಳನ್ನೇ ತನಗೆ ಬೇಕಾದ ಹಾಗೆ ತಿದ್ದಿ, ಸಲಕರಣೆಗಳಿಗೆಲ್ಲ ಗುದ್ದಲಿ, ಕಂದೀಲು ಎಂದು ಕನ್ನಡದ ಹೆಸರಿಟ್ಟು, ನಮ್ಮಂಥ ಹತ್ತಿಪ್ಪತ್ತು ಜನರನ್ನು ಸೇರಿಸಿಕೊಂಡಿದ್ದ. "ತೇರಾ ಕನ್ನಡಾವಾಲಾ ಹೈ," ನಿಮ್ಮ ಕನ್ನಡದವನೇ, ಎಂದು ನನ್ನನ್ನು ಅಲ್ಲಿಗೆ ಎಳೆದವನೂ ಹಿತೇಶನೇ.

ಗುದ್ದಲಿ ಅಪ್‌ಗ್ರೇಡ್ ಆಗಬೇಕಾದರೆ ಕಬ್ಬಿಣದ ಜೊತೆ ನೀಲಿ ಹರಳು ಬೇಕಿತ್ತು. ಹರಳು ಇದ್ದದ್ದು ಒಂದೇ ಗುಡ್ಡದಲ್ಲಿ, ಗುಡ್ಡದೊಳಗೆ ಹೋಗುವ ದಾರಿ ಇದ್ದದ್ದು ನಾನು ಆಟದಲ್ಲಿ ಕಟ್ಟಿಕೊಂಡ ಮನೆಯ ಹಿಂದೆ. ಬೇಕೆಂದೇ ಅಲ್ಲಿ ಮನೆ ಕಟ್ಟಿದ್ದಲ್ಲ, ದೇವರಾಣೆ! ಒಳಗೆ ಒಬ್ಬರು ಕಂದೀಲು ಹಿಡಿಯದಿದ್ದರೆ ಇನ್ನೊಬ್ಬರಿಗೆ ಹರಳು ಕಾಣುತ್ತಿರಲಿಲ್ಲ. ಹಾಗಾಗಿ ಹೆಚ್ಚುಕಡಿಮೆ ದಿನಾ ಸಂಜೆ ಯಲ್ಲಾಲಿಂಗ ನನ್ನ ಬಾಗಿಲು ತಟ್ಟುತ್ತಿದ್ದ. ನಾನು ಕಂದೀಲು ಹಿಡಿಯುತ್ತಿದ್ದೆ, ಅವನು ಅಗೆಯುತ್ತಿದ್ದ, ಹೆಡ್‌ಫೋನಿನಲ್ಲಿ ಮಾತು ಹರಿಯುತ್ತಿತ್ತು.

"ಇವತ್ತು ಹರಳು ಉಂಟಾ ಇಲ್ವಾ ನೋಡುವ," ಎನ್ನುತ್ತಿದ್ದೆ ನಾನು.

"ಉಂಟು ಅಂದ್ರ ಏನ್ರೀ? ಊಟಾ ಏನು?"

"ನಿಮ್ಮ ಯಾದಗಿರಿಯಲ್ಲಿ ಉಂಟು ಇಲ್ವಾ?"

"ನಾ ಯಾದಗಿರಿ ನೋಡಿದ್ದs ಎರಡು ಸಲ ರೀ. ನಮ್ಮಪ್ಪ ಮಲಾಡ್‌ನಾಗ ಬಿಲ್ಡಿಂಗ್ ಕಟ್ಟಾಕ ಬಂದವ. ನಾ ಇಲ್ಲೇ ಹುಟ್ಟೀನಿ."

ಹುಟ್ಟಿದ್ದು ಮುಂಬೈಯಲ್ಲಾದರೂ ಮಾತು ಮಾತ್ರ ಅವನ ಅವ್ವನದು. ಆ 'ರೀ' ಕೇಳುವುದಕ್ಕಾಗಿಯೇ ನಾನು ಕಂದೀಲನ್ನು ಆಚೀಚೆ ಆಡಿಸುತ್ತಿದ್ದೆ. "ನೆಟ್ಟಗ ಹಿಡೀರೀ!" ಎಂದು ಅವನು ಕೂಗಿದರೆ ನನಗೆ ಹಬ್ಬ.

ಈಗ ಆ ಮನುಷ್ಯ ಹರಳಿನ ಕಟ್ಟಳೆಯನ್ನೇ ತೆಗೆದುಹಾಕಿದ್ದ. ಒಂದಿಷ್ಟು ಕಬ್ಬಿಣ ಸಾಕು, ಗುದ್ದಲಿ ತಯಾರು.

ಮೊದಲ ದಿನ ಗದ್ದಲವೋ ಗದ್ದಲವಂತೆ. ಎಲ್ಲರ ಕೈಯಲ್ಲೂ ಎಲ್ಲಕ್ಕಿಂತ ಮೇಲಿನ ಗುದ್ದಲಿ, ಗುಡ್ಡಗಳು ಬೆಣ್ಣೆಯ ಹಾಗೆ ಕರಗಿದವು. ವಾರ ಮುಗಿಯುವುದರೊಳಗೆ ಯಾರಿಗೂ ಯಾರೂ ಬೇಡವಾದರು. ಹರಳು ಕೊಡು, ಕಬ್ಬಿಣ ತಗೋ ಎಂಬ ಚೌಕಾಸಿಯೂ ಇಲ್ಲ, ಜಗಳವೂ ಇಲ್ಲ. "ಬೋರ್ ಹೋ ಗಯಾ ಯಾರ್," ಎಂದು ಹಿತೇಶನೂ ಬಿಟ್ಟ. ದರ ಜಾಸ್ತಿ ಇದ್ದಾಗ ಎಲ್ಲರೂ ಯಲ್ಲಾಲಿಂಗನನ್ನು ಬೈಯುತ್ತಿದ್ದರು, ಆದರೆ ಬೈಯುತ್ತ ಅಲ್ಲೇ ಇರುತ್ತಿದ್ದರು.

ಇದನ್ನೆಲ್ಲ ಹಿತೇಶನೇ ಹೇಳಿದ. ಸುದ್ದಿ ಕೇಳಿದ ದಿನದಿಂದ ನಾನು ಆ ಕಡೆ ತಲೆ ಹಾಕಿರಲಿಲ್ಲ. ಸಿಟ್ಟಿನ ಕೆಳಗೆ ಇದ್ದದ್ದು ಹೆದರಿಕೆ. ಅವನ ಮೇಲೆ ನನಗೆ ಮನಸ್ಸಾಗಿತ್ತು. ಅವನು ಬರುತ್ತಿದ್ದದ್ದು ಬರೀ ಹರಳಿಗೇ ಆಗಿದ್ದರೆ? ಒಳಗೆ ಹೋಗಿ ಕಾದು ಕೂತು, ಬಾಗಿಲು ತಟ್ಟುವವರೇ ಇಲ್ಲವೆಂದಾದರೆ? ಅದಕ್ಕಿಂತ ಹೋಗದಿರುವುದೇ ವಾಸಿ ಅನಿಸಿತು.

"ಎಂತ ನಿಂಗೆ, ಮುಖ ಊದಿಸಿಕೊಂಡು ಕೂತದ್ದು?" ಎಂದು ಅಮ್ಮ ಕೇಳಿ ಕೇಳಿ ಸಾಕಾದಳು. ಕೊನೆಗೆ ನಾನೇ ಅವನಿಗೆ ಮೆಸೇಜ್ ಮಾಡಿದೆ: 'ಭಾನುವಾರ ಬೆಳಿಗ್ಗೆ ಅಂಧೇರಿ ಸ್ಟೇಷನ್, ಮೆಟ್ರೋ ಮೆಟ್ಟಿಲ ಹತ್ತಿರ ಬನ್ನಿ. ಜಗಳ ಉಂಟು.'

'ಬರ್ತೀನ್ರಿ,' ಎಂದು ಉತ್ತರ ಬಂತು.

ಮುಖಾಮುಖಿ ಕಂಡದ್ದು ಅದೇ ಮೊದಲು. ದನಿ ಕೇಳಿ ಎತ್ತರದ ಆಸಾಮಿ ಎಂದುಕೊಂಡಿದ್ದೆ. ನನಗಿಂತ ಎರಡು ಬೆರಳು ಜಾಸ್ತಿ, ಅಷ್ಟೆ. ಹೊಸ ಅಂಗಿಯ ಮಡಿಕೆಯ ಗೆರೆ ಹಾಗೇ ಇತ್ತು. ನನ್ನನ್ನು ಒಮ್ಮೆ ನೋಡಿದ, ತಕ್ಷಣ ಸಾಲಾಗಿ ನಿಂತಿದ್ದ ಆಟೋಗಳನ್ನು ನೋಡಿದ, ಮತ್ತೆ ಕದ್ದು ನನ್ನನ್ನು ನೋಡಿದ. ಕಿವಿ ಎರಡೂ ಕೆಂಪಾಗಿದ್ದವು. ಬೈಯಲು ಜೋಡಿಸಿಕೊಂಡು ಬಂದಿದ್ದ ಅರ್ಧ ಮಾತು ಅಲ್ಲೇ ಮರೆತುಹೋಯಿತು.

"ದರ ಎಂತಕ್ಕೆ ಇಳಿಸಿದ್ದು?" ಎಂದೆ.

"ನೀವs ಅಂದಿದ್ರೆಲ್ಲ, ಕಂದೀಲು ಹಿಡಿದು ಹಿಡಿದು ಕೈ ಸೋತು ಬಂತು ಅಂತ."

"ಅದು ಬಾಯಿಮಾತಿಗೆ ಹೇಳಿದ್ದು ಮಾರಾಯ್ರೇ! ಲೋಕಲ್‌ನಲ್ಲಿ ರಶ್ ಅಂತ ದಿನಾ ಬೈತೇವೆ, ಹತ್ತದೆ ಬಿಡ್ತೇವಾ?"

ಅವನು ನಗಲಿಲ್ಲ. ಜನ ನಮ್ಮಿಬ್ಬರನ್ನು ತಳ್ಳಿಕೊಂಡು ಹೋಗುತ್ತಿದ್ದರು. ಸ್ವಲ್ಪ ಗೋಡೆಯ ಕಡೆ ಸರಿದು, ನೆಲ ನೋಡುತ್ತ ಹೇಳಿದ. "ಇನ್ನೊಂದು ಕಾರಣ ಅದ ರೀ. ನೀವು ಬಾಗಲಾ ತೆಗೀತಿದ್ದದ್ದು ಹರಳಿಗೆ ಬಂದಾನಂತೋ, ನಾ ಬಂದೀನಂತೋ, ತಿಳೀದಂಗಾಗಿತ್ತು. ಹರಳಿನ ನೆವಾ ಇಲ್ದs ಬಂದು ನೋಡೋಣಂತ ಮಾಡಿದ್ದೆ. ಅವತ್ತs ಬಂದು ಬಾಗಲಾ ಬಡಿದೆ. ನೀವು ಬರ್ಲಿಲ್ಲ."

"ಒಂದೇ ದಿನವಾ?"

"ದಿನಾ ಬಂದು ನಿಂತೀನ್ರೀ. ಸುತ್ತ ಆಟ ಸಾಯಾಕತ್ತಿತ್ತು, ನಾ ನಿಮ್ಮ ಬಾಗಲಾ ಕಾಯಾಕತ್ತಿದ್ದೆ. ಕಡೀಗೆ ತಿಳ್ಕೊಂಡೆ, ಇವರಿಗೆ ನಾ ಬ್ಯಾಡ ಅಂತ."

ಅಯ್ಯೋ ನನ್ನ ಕರ್ಮವೇ! ಅವನು ಹೊರಗೆ ನಿಂತು ಕಾದ, ನಾನು ವಿಲೆ ಪಾರ್ಲೆಯ ಮನೆಯಲ್ಲಿ ಮುಸುಕು ಹೊದ್ದು, ಅವನು ಬರುವುದೇ ಇಲ್ಲವೆಂದು ಅತ್ತೆ. ಕಣ್ಣು ತುಂಬಿತು. "ನಾನು ಬಾಗಿಲು ತೆಗೀತಿದ್ದದ್ದು ನಿಮಗೆ," ಎಂದೆ. "ಹರಳಿಗೆ ಬೆಂಕಿ ಬೀಳಲಿ!"

ಅವನು ಮುಖವೆತ್ತಿದ. ಈ ಸಲ ಆಟೋ ನೋಡಲಿಲ್ಲ.

"ರೇಟ್ ಮತ್ತ ಮೊದಲಿನಂಗ ಮಾಡ್ತೀನಿ," ಎಂದ. "ಎಲ್ಲಾರೂ ಒದರ್ತಾರ. ಒದರ್ಲಿ. ಒಬ್ಬರಿಗೊಬ್ಬರು ಬೇಕಾದ್ರs ಆಟ ಉಳೀತದ."

"ಏರಿಸಿ. ಆದರೆ ಇನ್ನು ನಿಮಗೆ ಮಾತ್ರ ಹರಳು ಇಲ್ಲ."

"ಅಂದ್ರ ನನ್ನ ಗುದ್ದಲಿ ಮೊಂಡs ಇರಬೇಕೇನು?"

"ಇರಲಿ. ನೀವು ಕೈಬೀಸಿಕೊಂಡು ಬನ್ನಿ. ಇವತ್ತು ಪಾರ್ಲೆಗೂ ಹಾಗೆಯೇ ಬನ್ನಿ, ನಮ್ಮ ಮನೆಗೆ."

ಅವನ ಕಿವಿ ಮತ್ತೆ ಕೆಂಪಾಯಿತು. "ಯಾಕ ಬಂದೀರಿ ಅಂತ ನಿಮ್ಮವ್ವಾರು ಕೇಳಿದ್ರ?"

"ಸುಮ್ಮನೆ ಬಂದೆ ಅನ್ನಿ."

"ಸುಮ್ಮs ಯಾರರೇ ಬರ್ತಾರೇನ್ರೀ?"

"ಪ್ರೀತಿ ಇದ್ದವರು ಬರ್ತಾರೆ," ಎಂದೆ. ಹೇಳಿದ ಮೇಲೆ ನಾಚಿಕೆಯಾಗಿ ನಾನೇ ಆಟೋಗಳನ್ನು ನೋಡತೊಡಗಿದೆ. ಅವನು ಮೆಲ್ಲಗೆ, "ಹಂಗಾದ್ರ ನಾ ಬರಾಕs ಬೇಕು," ಎಂದ.

ನಮ್ಮ ಅಮ್ಮ ವಿನೋದಿನಿ, ಕೊರಿಯರ್‌ನವನನ್ನೂ ನಾಲ್ಕು ಪ್ರಶ್ನೆ ಕೇಳದೆ ಬಿಡುವವಳಲ್ಲ. ಸೇಫ್ಟಿ ಡೋರಿನ ಜಾಲರಿಯ ಆಚೆಯಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾರಿದು? ಎಂತ ಕೆಲಸ ಇತ್ತು?"

ಯಲ್ಲಾಲಿಂಗ ಕೈಮುಗಿದ. "ಕೆಲಸ ಏನೂ ಇಲ್ರೀ ಅವ್ವಾ. ಸುಮ್ಮs ಬಂದೀನಿ."

ಅಮ್ಮ ಅವನ ಮುಖ ನೋಡಿದಳು. ಆಮೇಲೆ ನನ್ನ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಚಿಲಕ ಸರಿಸಿದ ಸದ್ದಾಯಿತು.

"ಕೆಲಸಕ್ಕೆ ಬಂದವರಾದರೆ ಇಲ್ಲೇ ಮಾತಾಡಿ ಕಳಿಸ್ತಿದ್ದೆ," ಎಂದಳು. "ಸುಮ್ಮನೆ ಬಂದವರು ಒಳಗೆ ಬರಬೇಕು."

ಯಲ್ಲಾಲಿಂಗ ಚಪ್ಪಲಿ ಬಿಟ್ಟ.