ನೂರಹನ್ನೆರಡು ಮುಚ್ಚಳ

ಅಕ್ಟೋಬರ್ ಎರಡು, ಗುರುವಾರ, ವಿಜಯದಶಮಿ. ಮಧ್ಯಾಹ್ನ ಹನ್ನೆರಡೂವರೆಗೆ ಅಮೆರಿಕದ ಕ್ಯಾಂಟನ್ ಊರಿನ ಪೊಲೀಸ್ ಠಾಣೆಯ ಕೌಂಟರಿನ ಮುಂದೆ ಎಪ್ಪತ್ತರ ಹತ್ತಿರದ ಹಿರಿಯರೊಬ್ಬರು ಬಂದು ನಿಂತರು. ರೇಷ್ಮೆ ಪಂಚೆ, ಅದರ ಮೇಲೆ ದಪ್ಪನೆಯ ಜಾಕೆಟ್ಟು, ಹಣೆಯಲ್ಲಿ ವಿಭೂತಿ. ಯಾರೋ ತಮ್ಮ ಹಡಗನ್ನು ಒಡೆದು ಹಾಕಿದ್ದಾರೆ ಎಂದರು. ಕೌಂಟರಿನಲ್ಲಿದ್ದ ಹುಡುಗಿ ಯಾವ ಲೇಕಿನಲ್ಲಿ, ಬೋಟಿನ ರಿಜಿಸ್ಟ್ರೇಷನ್ ನಂಬರೇನು ಎಂದು ಕೇಳಿದಳು. ಸರೋವರಗಳೇ ತುಂಬಿದ ಮಿಷಿಗನ್‌ನಲ್ಲಿ ಅದು ಸಹಜವಾದ ಪ್ರಶ್ನೆಯೇ. ಹಿರಿಯರು ಜಾಕೆಟ್ಟಿನ ಜೇಬಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು ಮುಂದಿಟ್ಟರು. ಅದರೊಳಗೆ ಉಗುರಿನಷ್ಟಷ್ಟು ಬೂದು ಬಣ್ಣದ ಚೂರುಗಳಿದ್ದವು.

ಹುಡುಗಿ ಡಿಟೆಕ್ಟಿವ್ ಸಂಗಮೇಶನನ್ನು ಕರೆದಳು. ಹಣೆಯ ವಿಭೂತಿ ಕಂಡರೆ ಕೇಸು ಅವನದು ಎಂಬುದು ಆ ಠಾಣೆಯಲ್ಲಿ ಬರೆಯದ ನಿಯಮ. ವಿಜಯಪುರದ ಡಾಕ್ಟರ ಮಗ ಪೊಲೀಸನಾದದ್ದನ್ನು ಕ್ಯಾಂಟನ್ನಿನ ಕನ್ನಡಿಗರು ಹದಿನೈದು ವರ್ಷವಾದರೂ ಅರಗಿಸಿಕೊಂಡಿರಲಿಲ್ಲ. ಮದುವೆಮನೆಗಳಲ್ಲಿ ಅವನ ತಾಯಿ ಈಗಲೂ ಅವನನ್ನು 'ಗೌರ್ಮೆಂಟ್ ಕೆಲಸ' ಎಂದೇ ಪರಿಚಯಿಸುತ್ತಿದ್ದರು.

"ಎಫ್‌ಐಆರ್ ಹಾಕ್ರಿ," ಎಂದರು ಆ ಹಿರಿಯರು, ಗುರುಶಾಂತಪ್ಪ. "ಯಾರು ಮಾಡ್ಯಾರಂತ ನನಗ ಗೊತ್ತೈತಿ. ಎದುರು ಮನಿ ಡೇಲ್."

ಇಲ್ಲಿ ಅದನ್ನು ಎಫ್‌ಐಆರ್ ಎನ್ನುವುದಿಲ್ಲ. ಸಂಗಮೇಶ ತಿದ್ದಲು ಹೋಗಲಿಲ್ಲ. ದೂರು ಬರೆದುಕೊಂಡು, ಜೊತೆಗೆ ಆಫೀಸರ್ ಟ್ರೇಸಿ ನೊವಾಕ್‌ಳನ್ನು ಕರೆದುಕೊಂಡು ಸ್ಥಳಕ್ಕೆ ಹೊರಟ.

ಗುರುಶಾಂತಪ್ಪ ಕಾರು ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಮೂರು ಕಾರಿನ ಗ್ಯಾರೇಜು, ಎರಡೇ ಕಾರು. ಮೂರನೆಯ ಜಾಗದಲ್ಲಿ ಉದ್ದನೆಯ ಮೇಜು, ಅದರ ಮೇಲೆ ಆರಡಿಯ ಹಡಗು. ಚೀನಾ ನೌಕಾಪಡೆಯ ಟೈಪ್ 055 ಡಿಸ್ಟ್ರಾಯರ್ ಯುದ್ಧನೌಕೆಯ ಮಾದರಿ, ನೂರಕ್ಕೆ ಒಂದರ ಅಳತೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಫೋಟೋಗಳನ್ನು ನೋಡಿಕೊಂಡೇ ನಾಲ್ಕು ವರ್ಷ ಕೂತು ಕಟ್ಟಿದ್ದರು. ಶನಿವಾರ ಡೆಟ್ರಾಯ್ಟಿನ ಮಾಡೆಲ್ ಪ್ರದರ್ಶನಕ್ಕೆ ಅದು ಹೋಗಬೇಕಿತ್ತು. ಕೆಂಪು ಬಾವುಟವೊಂದು ಹಿಂಭಾಗದಲ್ಲಿ ಇನ್ನೂ ನೆಟ್ಟಗೆ ನಿಂತಿತ್ತು.

"ಚೀನಾದ್ದೇ ಯಾಕ್ರೀ ಅಂಕಲ್?"

"ಚಂದ ಐತಲ್ಲಪಾ," ಎಂದರು ಅವರು. ಬೇರೆ ಕಾರಣವೇ ಅವರಿಗೆ ಇರಲಿಲ್ಲ.

ಆಮೇಲೆ ಅವರನ್ನು ತಡೆಯುವುದು ಕಷ್ಟವಾಯಿತು. ಹಡಗಿನ ಮೈಯೆಲ್ಲ ಓರೆಯಾಗಿ ಮಡಚಿದಂತಿರುವುದು ಶತ್ರುವಿನ ರೇಡಾರಿಗೆ ಸಣ್ಣದಾಗಿ ಕಾಣಲೆಂದು. ಡೆಕ್ಕಿನ ಮೇಲಿನ ಕಟ್ಟಡದ ನಾಲ್ಕು ಮೈಗೂ ಅಂಟಿಸಿದಂತಿರುವ ಹಲಗೆಗಳು ಅದರದೇ ರೇಡಾರ್. ತಿರುಗಬೇಕಾಗಿಲ್ಲ, ನಾಲ್ಕು ದಿಕ್ಕನ್ನೂ ಒಟ್ಟಿಗೇ ನೋಡುತ್ತದೆ. ಮುಂದೆ ನೂರಮೂವತ್ತು ಮಿಲಿಮೀಟರಿನ ಫಿರಂಗಿ, ಅದರ ಹಿಂದೆ ಹನ್ನೊಂದು ನಳಿಗೆಯ ಬಂದೂಕು, ಹಿಂದೆ ಎರಡು ಹೆಲಿಕಾಪ್ಟರಿಗೆ ಗೂಡು. ಆದರೆ ಹಡಗಿನ ಜೀವ ಇರುವುದು ಡೆಕ್ಕಿನ ಚೌಕ ಮುಚ್ಚಳಗಳ ಕೆಳಗೆ. ಮುಂದೆ ಅರವತ್ತನಾಲ್ಕು, ಹಿಂದೆ ನಲವತ್ತೆಂಟು. ಒಂದೊಂದರಡಿಯಲ್ಲೂ ನೆಟ್ಟಗೆ ನಿಂತ ಒಂದೊಂದು ಕೊಳವೆ. ವಿಮಾನ ಹೊಡೆಯುವ ಕ್ಷಿಪಣಿಯನ್ನಾದರೂ ಇಡಬಹುದು, ಹಡಗು ಮುಳುಗಿಸುವುದನ್ನಾದರೂ ಇಡಬಹುದು. ನೂರಹನ್ನೆರಡು ಮುಚ್ಚಳಕ್ಕೂ ಗುರುಶಾಂತಪ್ಪ ಕೂದಲಿನಷ್ಟು ಸಣ್ಣ ಕೀಲು ಹಾಕಿದ್ದರು. ಒಂದೊಂದೂ ತೆರೆಯುತ್ತಿತ್ತು.

ಒಡೆದದ್ದು ಆ ಮುಚ್ಚಳಗಳನ್ನು ಮಾತ್ರ. ಮುಂದಿನ ಸಾಲು, ಹಿಂದಿನ ಸಾಲು, ಎರಡೂ ನುಚ್ಚುನೂರು. ಫಿರಂಗಿಗೆ ಗೀರು ಬಿದ್ದಿರಲಿಲ್ಲ. ಬಾವುಟವನ್ನು ಯಾರೂ ಮುಟ್ಟಿರಲಿಲ್ಲ. ಮೇಜಿನ ಕೆಳಗೆ ಎರಡು ಮುಷ್ಟಿ ಗಾತ್ರದ ಕಲ್ಲೊಂದು ಬಿದ್ದಿತ್ತು. ಗುರುಶಾಂತಪ್ಪನವರ ಹೆಂಡತಿ ಮಲ್ಲಮ್ಮನವರ ಹೂವಿನ ಪಾತಿಯ ಅಂಚಿಗೆ ಜೋಡಿಸಿದ್ದ ಕಲ್ಲುಗಳಲ್ಲಿ ಅದೂ ಒಂದು.

ನೊವಾಕ್ ಫೋಟೋ ತೆಗೆದಳು. ಹಿಂದಿನ ಸಂಜೆ ಅಲ್ಲೇ ಆಯುಧಪೂಜೆ ನಡೆದಿತ್ತೆಂದು ಗುರುಶಾಂತಪ್ಪ ಹೇಳಿದರು. ನಾಲ್ಕು ಮನೆಯವರು ಬಂದಿದ್ದರು. ಕಾರಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ, ಸುತ್ತಿಗೆ ಸ್ಪ್ಯಾನರುಗಳಿಗೆ, ಕಡೆಗೆ ಹಡಗಿಗೂ ಪೂಜೆಯಾಗಿತ್ತು. ಈ ದಿನ ಬೆಳಗ್ಗೆ ದಂಪತಿಗಳು ಗ್ಯಾರೇಜಿನ ಬಾಗಿಲು ಹಾಕುವುದನ್ನು ಮರೆತು ದೇವಸ್ಥಾನಕ್ಕೆ ಹೋಗಿದ್ದರು. ಬರುವಷ್ಟರಲ್ಲಿ ಹೀಗೆ.

ಡೇಲ್ ಹ್ಯಾಗರ್ಟಿಯ ಹೆಸರು ಸುಮ್ಮನೆ ಬಂದದ್ದಲ್ಲ. ಒಂದು ಕಾಲದಲ್ಲಿ ಅಮೆರಿಕದ ನೌಕಾಪಡೆಯಲ್ಲಿದ್ದವನು. ಬೇಸಿಗೆಯಲ್ಲಿ ಆ ಕೆಂಪು ಬಾವುಟ ಕಂಡು ರಸ್ತೆಯಲ್ಲೇ ನಿಂತು ಕೂಗಾಡಿದ್ದ. ಮೇಲಾಗಿ ಬಾರಿನಲ್ಲಿ ಹೊಡೆದಾಡಿದ ಕೇಸಿನಲ್ಲಿ ಪ್ರೊಬೇಷನ್ ಮೇಲಿದ್ದ, ಅಂದರೆ ಮತ್ತೆ ತಪ್ಪು ಮಾಡದಿದ್ದರೆ ಮಾತ್ರ ಜೈಲಿನಿಂದ ಬಚಾವು. ಹಡಗಿನ ಬೆಲೆ ಸಾವಿರ ಡಾಲರ್ ದಾಟುವುದರಿಂದ ಇದು ಸಣ್ಣ ಅಪರಾಧವಲ್ಲ, ಫೆಲನಿ. ಡೇಲ್ ಮೇಲೆ ಆರೋಪ ಬಂದರೆ ಹಳೆಯ ಶಿಕ್ಷೆಯೂ ಸೇರಿ ಅವನು ಜೈಲಿಗೆ ಹೋಗುವುದು ಖಂಡಿತ. ಶುಕ್ರವಾರ ಸಂಜೆಯೊಳಗೆ ಅವನ ಪ್ರೊಬೇಷನ್ ಅಧಿಕಾರಿಗೆ ಉತ್ತರ ಕೊಡಬೇಕೆಂದು ಸಾರ್ಜೆಂಟ್ ಫೋನಿನಲ್ಲಿ ಹೇಳಿದ. ನೊವಾಕ್‌ಳಿಗೂ ಅನುಮಾನ ಇರಲಿಲ್ಲ.

ಕಲ್ಲಿಗೂ ಮೇಜಿಗೂ ಇರುವ ದೂರ ಅಳೆಯಬೇಕಿತ್ತು. ಟೇಪು ಕಾರಿನಲ್ಲೇ ಉಳಿದಿತ್ತು. ಸಂಗಮೇಶ ಪಕ್ಕದ ಬೆಂಚಿನ ಮೇಲಿದ್ದ ಗುರುಶಾಂತಪ್ಪನವರ ಟೇಪಿಗೆ ಕೈ ಹಾಕಿದ.

"ಮುಟ್ಟಬ್ಯಾಡೋ ತಮ್ಮಾ," ಎಂದು ಮಲ್ಲಮ್ಮ ಅವನ ಕೈ ಹಿಡಿದರು. "ಪೂಜಿಗಿಟ್ಟದ್ದು. ಇವತ್ತಿನ ಪೂಜಿ ಇನ್ನೂ ಆಗಿಲ್ಲ."

ಸಂಗಮೇಶ ಕೈ ಹಿಂದಕ್ಕೆ ತೆಗೆದ. ಆಮೇಲೆ ಆ ಬೆಂಚನ್ನು ಮೊದಲ ಸಲ ಎಂಬಂತೆ ನೋಡಿದ. ಮೂರು ಸುತ್ತಿಗೆ, ಒಂದು ಗರಗಸ, ಡ್ರಿಲ್ಲು, ಸ್ಪ್ಯಾನರುಗಳು. ಎಲ್ಲದರ ಮೇಲೂ ಕುಂಕುಮದ ಬೊಟ್ಟು, ಎಲ್ಲದರ ಮೇಲೂ ಸೇವಂತಿಗೆ. ಒಂದು ಹೂವೂ ಜರುಗಿರಲಿಲ್ಲ. ಹಡಗಿನಿಂದ ಕೈ ಚಾಚಿದರೆ ಸುತ್ತಿಗೆ ಸಿಗುತ್ತಿತ್ತು. ಒಡೆದವರು ಅದನ್ನು ಬಿಟ್ಟು, ಗ್ಯಾರೇಜಿನಿಂದ ಹೊರಗೆ ನಡೆದು, ಪಾತಿಯ ಕಲ್ಲು ಕಿತ್ತುಕೊಂಡು ಮತ್ತೆ ಒಳಗೆ ಬಂದಿದ್ದರು.

ಕೋಪದಲ್ಲಿ ಬಂದ ಡೇಲ್‌ಗೆ ಸುತ್ತಿಗೆ ಅಂದರೆ ಸುತ್ತಿಗೆ, ಅಷ್ಟೇ. ಇದು ನಮ್ಮವರ ಕೈ. ಸಂಗಮೇಶ ರಸ್ತೆ ದಾಟಿ ಡೇಲ್ ಮನೆಗೆ ಹೋದ.

ಡೇಲ್ ವರಾಂಡದಲ್ಲೇ ಕೂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವನಲ್ಲ. ಹೌದು, ಬೇಸಿಗೆಯಲ್ಲಿ ಕೂಗಾಡಿದ್ದೆ ಎಂದ. ಮರುದಿನ ಕ್ಷಮೆ ಕೇಳಲು ಹೋಗಿ ಹಡಗನ್ನು ಹತ್ತಿರದಿಂದ ನೋಡಿದ್ದನಂತೆ. ಆಮೇಲೆ ಮುದುಕನಿಲ್ಲದಾಗಲೂ ಎರಡು ಸಲ ಹೋಗಿ ನೋಡಿದ್ದನಂತೆ. ಅಂಥ ಕೆಲಸಕ್ಕೆ ಕಲ್ಲು ಹಾಕುವವನು ನಾನಲ್ಲ, ಬೇಕಾದರೆ ಜೈಲಿಗೆ ಹಾಕಿ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸೋತವನ ದನಿ ಅದು.

ಹಿಂದಿನ ಸಂಜೆ ಆ ಮನೆಯವರ ಪೈಕಿ ಯಾರ ಜೊತೆಗಾದರೂ ಮಾತಾಡಿದೆಯಾ ಎಂದು ಸಂಗಮೇಶ ಕೇಳಿದ. ಡೇಲ್ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೇನೋ ಹೇಳಿ, ಕಡೆಗೆ ಬಾಯಿಬಿಟ್ಟ. ನಾಯಿ ಕರೆದುಕೊಂಡು ಹೋಗುತ್ತಿದ್ದಾಗ ರೇಷ್ಮೆ ಸೀರೆಯ ಹೆಂಗಸೊಬ್ಬಳು ನಿಲ್ಲಿಸಿದ್ದಳು. ನೀವು ನೇವಿಯಲ್ಲಿದ್ದವರಂತೆ, ಆ ಹಡಗಿನಿಂದ ಹೊರಟ ಕ್ಷಿಪಣಿ ಎದುರು ಹಡಗಿಗೆ ಕಾಣಿಸಿದ ಮೇಲೆ ಒಳಗಿದ್ದವರಿಗೆ ಎಷ್ಟು ಹೊತ್ತು ಸಿಗುತ್ತದೆ ಎಂದು ಕೇಳಿದ್ದಳು. ಅದು ನೀರಿಗೆ ಅಂಟಿಕೊಂಡು ಬರುತ್ತದೆ, ಕಡೆಯ ಓಟದಲ್ಲಿ ಶಬ್ದಕ್ಕಿಂತ ಎರಡು ಮೂರು ಪಟ್ಟು ವೇಗ ಎಂದು ಡೇಲ್ ವಿವರಿಸಿದ.

"ಸುಳ್ಳು ಹೇಳಬಹುದಿತ್ತು," ಎಂದ ಡೇಲ್. "ಅರ್ಧ ನಿಮಿಷ ಅಂತ ನಿಜವನ್ನೇ ಹೇಳಿಬಿಟ್ಟೆ."

ರೇಷ್ಮೆ ಸೀರೆಯವರು ಯಾರು ಯಾರು ಎಂದು ಮಲ್ಲಮ್ಮನವರನ್ನು ವಿಚಾರಿಸುವ ಅಗತ್ಯವಿರಲಿಲ್ಲ. ಆ ನಾಲ್ಕು ಮನೆಗಳಲ್ಲಿ ಮಗುವನ್ನು ಸಮುದ್ರಕ್ಕೆ ಕಳಿಸಿದ ಮನೆ ಒಂದೇ. ಮೈಸೂರಿನ ಶೇಷಾದ್ರಿ, ಕೌಸಲ್ಯಾ ದಂಪತಿಗಳ ಒಬ್ಬಳೇ ಮಗಳು ಧೃತಿ ಅಮೆರಿಕದ ನೌಕಾಪಡೆಯಲ್ಲಿ ಲೆಫ್ಟಿನೆಂಟ್. ಏಪ್ರಿಲ್‌ನಿಂದ ಅವಳ ಡಿಸ್ಟ್ರಾಯರು ಪೆಸಿಫಿಕ್ಕಿನ ಆ ತುದಿಯಲ್ಲಿ, ಚೀನಾದ ಹಡಗುಗಳು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಓಡಾಡುತ್ತಿತ್ತು.

ಆ ಸಂಜೆ ಸಂಗಮೇಶ ತಾಯಿಗೆ ಹೆಸರು ಹೇಳಲಿಲ್ಲ, ವಿಷಯ ಹೇಳಿದ. ತಾಯಿಗೆ ಅರ್ಥವಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಂಗ ಏನಾರ ಮಾಡು ಎಂದರು. ಕೇಸನ್ನು ಪತ್ತೆಯಾಗದ್ದೆಂದು ಮುಚ್ಚಿದರೂ ಅನುಮಾನದ ನೆರಳು ಡೇಲ್ ಮೇಲೇ ಉಳಿಯುತ್ತದೆ. ಪ್ರೊಬೇಷನ್ ಮೇಲಿರುವವನನ್ನು ಜೈಲಿಗೆ ಕಳಿಸಲು ಅಷ್ಟೇ ಸಾಕು. ಸಂಗಮೇಶ ಊಟ ಅರ್ಧಕ್ಕೇ ಬಿಟ್ಟು ಎದ್ದ.

ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಸಂಗಮೇಶ ಮತ್ತು ನೊವಾಕ್ ಶೇಷಾದ್ರಿಯವರ ಮನೆಗೆ ಹೋದರು. ಹಾಲಿನಲ್ಲಿ ಬೊಂಬೆಗಳ ಮೆಟ್ಟಿಲು ಇನ್ನೂ ಇತ್ತು. ಕೌಸಲ್ಯಾ ಇಬ್ಬರಿಗೂ ಕಾಫಿ ತಂದರು. ನೊವಾಕ್‌ಳಿಗೆ ಅರ್ಥವಾಗಲೆಂದು ಸಂಗಮೇಶ ಇಂಗ್ಲಿಷಿನಲ್ಲೇ ಶುರು ಮಾಡಿದ. ಗುರುವಾರ ಬೆಳಗ್ಗೆ ಎಲ್ಲಿದ್ದಿರಿ? ಶೇಷಾದ್ರಿ ದಂತವೈದ್ಯರ ಹತ್ತಿರ ಹೋಗಿದ್ದರಂತೆ. ಕೌಸಲ್ಯಾ ಮನೆಯಲ್ಲೇ ಇದ್ದೆ ಎಂದರು. ಗುರುಶಾಂತಪ್ಪನವರ ಎದುರುಮನೆಯ ಡೇಲ್ ಮೇಲೆ ಅನುಮಾನವಿದೆ, ಈ ಸಂಜೆ ಅವನನ್ನು ಹಿಡಿದರೆ ವರ್ಷಗಟ್ಟಲೆ ಜೈಲು ಎಂದು ಅವನು ಹೇಳಿದಾಗ ಕೌಸಲ್ಯಾ ಕೈಯ ಲೋಟವನ್ನು ಕೆಳಗಿಟ್ಟರು.

ಆಗ ಅವನು ಕನ್ನಡಕ್ಕೆ ಬಂದ.

"ಆಂಟಿ, ಸುತ್ತಿಗೆ ಅಲ್ಲೇ ಇತ್ತಲ್ಲ. ಹೊರಗ ಹೋಗಿ ಕಲ್ಲು ತರೋದು ಯಾಕ ಬೇಕಿತ್ತು?"

"ಪೂಜೆಗಿಟ್ಟಿದ್ದನ್ನ ಎತ್ತಬಾರದಲ್ವಾಪ್ಪಾ," ಎಂದರು ಕೌಸಲ್ಯಾ.

ತಮ್ಮ ಬಾಯಿಂದ ಏನು ಬಂತೆಂದು ಅವರಿಗೆ ತಿಳಿಯುವ ಮೊದಲೇ ಶೇಷಾದ್ರಿಯವರಿಗೆ ತಿಳಿಯಿತು. ಅವರು ಹೆಂಡತಿಯ ಕಡೆ ತಿರುಗಿದರು. ಸಂಗಮೇಶ ಮಾತು ನಿಲ್ಲಿಸಿ ಆಕೆಯ ಹಕ್ಕುಗಳನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದ. ಸುಮ್ಮನಿರಬಹುದು, ವಕೀಲರನ್ನು ಕರೆಸಬಹುದು ಎಂದ. ಆಕೆ ಸುಮ್ಮನಿರಲಿಲ್ಲ.

"ಡೇಲ್‌ಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಅವರನ್ನ ಬಿಟ್ಬಿಡಿ. ಬುಧವಾರ ಗುರುಶಾಂತಪ್ಪನೋರು ಟಾರ್ಚ್ ಹಿಡ್ಕೊಂಡು ಎಲ್ಲಾ ತೋರಿಸ್ತಿದ್ರು. ಎದುರುಗಡೆ ಯಾವ ಹಡಗು ಇರತ್ತೆ ಅಂತ ನಾನೇ ಕೇಳ್ದೆ. ಅಮೆರಿಕದ್ದು, ಮತ್ಯಾರದ್ದು ಅಂದ್ರು. ಎಲ್ರೂ ನಕ್ರು. ಆಮೇಲೆ, ಕೌಸಲ್ಯಾ, ನೀನು ಚೆನ್ನಾಗಿ ಹಾಡ್ತೀಯ, ಆರತಿ ನೀನೇ ಎತ್ತು ಅಂದ್ರು."

ಆಕೆ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡಿದರು.

"ಈ ಬೆರಳಲ್ಲೇ ಆ ಮುಚ್ಚಳಗಳಿಗೆ ಕುಂಕುಮ ಇಟ್ಟೆ. ಚೆನ್ನಾಗಿ ಕೆಲಸ ಮಾಡ್ಲಿ ಅಂತ ತಾನೇ ಆಯುಧಕ್ಕೆ ಪೂಜೆ ಮಾಡೋದು? ಹಾಡು ಮುಗಿಯೋ ತನಕ ನನಗೇ ಹೊಳೀಲಿಲ್ಲ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಬೆಳಗ್ಗೆ ಆ ಕಡೆ ಹೋದ್ರೆ ಗ್ಯಾರೇಜ್ ಬಾಗಿಲು ತೆಗ್ದೇ ಇತ್ತು. ಅದು ಬರೀ ಬೊಂಬೆ, ನಂಗೊತ್ತು. ಆದ್ರೆ ಮಾಡಿದ ಪೂಜೆ ಬೊಂಬೆದಲ್ಲ. ಹೇಗಾದ್ರೂ ಅದನ್ನ ವಾಪಸ್ ತಗೋಬೇಕಿತ್ತು."

ಒಂದು ಪದವೂ ತಿಳಿಯದಿದ್ದರೂ ನೊವಾಕ್ ಬರೆಯುವುದನ್ನು ನಿಲ್ಲಿಸಿದ್ದಳು. ಧೃತಿಯಿಂದ ಮೂರು ವಾರದಿಂದ ಫೋನೂ ಇಲ್ಲ, ಇಮೇಲೂ ಇಲ್ಲ ಎಂದು ಶೇಷಾದ್ರಿ ಹೇಳಿದರು. ಹಡಗು ಎಲ್ಲಿದೆಯೆಂದು ಹೊರಗೆ ತಿಳಿಯಬಾರದೆಂದಾಗ ನೌಕಾಪಡೆಯವರು ಹಾಗೆ ಸಂಪರ್ಕವನ್ನೇ ಕಡಿದುಬಿಡುತ್ತಾರಂತೆ. ಸಂಗಮೇಶ ಕೈಕೋಳ ಹಾಕಲಿಲ್ಲ. ಕೌಸಲ್ಯಾ ದೇವರ ಮುಂದೆ ಉರಿಯುತ್ತಿದ್ದ ದೀಪಕ್ಕೆ ಎಣ್ಣೆ ಹಾಕಿ, ಸ್ವೆಟರ್ ತೊಟ್ಟು, ತಾವೇ ಮುಂದಾಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತರು.

ಠಾಣೆಯಲ್ಲಿ ಬೆರಳಚ್ಚು, ಫೋಟೋ, ಹೇಳಿಕೆ ಎಲ್ಲವೂ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡಾಯಿತು. ಡೇಲ್ ಮೇಲೆ ಏನೂ ಇಲ್ಲವೆಂದು ನೊವಾಕ್ ಪ್ರೊಬೇಷನ್ ಅಧಿಕಾರಿಗೆ ತಿಳಿಸಿದಳು. ಆಮೇಲೆ ಸಂಗಮೇಶ ಗುರುಶಾಂತಪ್ಪನವರನ್ನು ಕರೆಸಿದ. ಅವರು ಬಂದ ಕೂಡಲೆ ಡೇಲ್ ಒಪ್ಪಿಕೊಂಡನೇ ಎಂದು ಕೇಳಿದರು. ಸಂಗಮೇಶ ಹೆಸರು ಹೇಳಿದ. ಸುತ್ತಿಗೆಯ ವಿಷಯ ಹೇಳಿದ, ಆರತಿಯ ವಿಷಯ ಹೇಳಿದ.

ಗುರುಶಾಂತಪ್ಪ ಕುರ್ಚಿ ಹಿಡಿದು ಕೂತರು. ಕಂಪ್ಲೇಂಟ್ ಹಿಂದಕ್ಕೆ ತಗೊಳ್ಳುತ್ತೇನೆ ಎಂದರು. ಅದು ಇನ್ನು ಸರಕಾರಿ ವಕೀಲರ ಕೈಯಲ್ಲಿದೆ, ನೀವು ಹೇಳಿದ್ದನ್ನು ಬರೆದು ಕಳಿಸುತ್ತೇನೆ, ಅವರು ಕೇಳಲೂಬಹುದು, ಕೇಳದಿರಲೂಬಹುದು ಎಂದ ಸಂಗಮೇಶ. ಕೌಸಲ್ಯಾರನ್ನು ನೋಡುತ್ತೀರಾ ಎಂದು ಕೇಳಿದ್ದಕ್ಕೆ ಹಿರಿಯರು ತಲೆಯಾಡಿಸಿ ಬೇಡವೆಂದರು.

"ಆ ಹುಡುಗಿ ಧೃತಿ ನಮ್ಮ ಮನ್ಯಾಗ ಆಡಿ ಬೆಳದಾಳ," ಎಂದರು. "ನೇವಿಗೆ ಹೊಂಟಾಗ ನನ್ನ ಕಾಲಿಗೆ ಬಿದ್ದು ಹೋದಳು. ನಾಕು ವರ್ಷ ಆ ಮುಚ್ಚಳ ಒಂದೊಂದ ಕುಂದರಸೂಮುಂದ, ಇದು ಯಾರ ಮ್ಯಾಲ ಬೀಳತೈತಿ ಅಂತ ನನಗ ಒಂದು ಸಲನೂ ನೆನಪಾಗಲಿಲ್ಲಪಾ."

ಸಂಗಮೇಶ ಅದನ್ನು ಹೇಳಿಕೆಯಲ್ಲಿ ಸೇರಿಸಲಿಲ್ಲ. ಕಾನೂನಿಗೆ ಅದು ಬೇಕಾಗಿರಲಿಲ್ಲ. ಗಾಜಿನ ಬಾಗಿಲಿನ ಆಚೆ ಕೌಸಲ್ಯಾ ಬೆಂಚಿನ ಮೇಲೆ ಕೂತಿದ್ದರು. ಬೆರಳಿಗೆ ಮೆತ್ತಿದ್ದ ಕಪ್ಪು ಶಾಯಿಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು, ಅದು ಹೋಗುತ್ತಿರಲಿಲ್ಲ.